ವಿದೇಶಕ್ಕೆ ಹಣ: ಕಳಿಸಿದಷ್ಟೂ ತಲುಪಬೇಕಾದರೆ

ಪ್ರಶ್ನೆ: ಮಗಳು ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾಳೆ. ವೀಸಾಕ್ಕೆ ಬೇಕಾದ ಬ್ಲಾಕ್ಡ್ ಅಕೌಂಟಿಗೆ (ಅಲ್ಲಿನ ಖರ್ಚಿನ ಹಣವನ್ನು ಮೊದಲೇ ಇಟ್ಟು ತಿಂಗಳಿಗೆ ಇಷ್ಟೆಂದು ಪಡೆಯುವ ಖಾತೆ) 11,904 ಯೂರೊ ಕಳಿಸಿದೆವು. ಜಮಾ ಆಗಿದ್ದು 11,882. ಹಣ ಕಡಿಮೆ ಇದೆಯೆಂದು ದೃಢೀಕರಣ ಪತ್ರ ಕೊಡುತ್ತಿಲ್ಲ. ನಮ್ಮ ಬ್ಯಾಂಕಿನವರು ಪೂರ್ತಿ ಕಳಿಸಿದ್ದೇವೆ ಅನ್ನುತ್ತಾರೆ. 22 ಯೂರೊ ಎಲ್ಲಿ ಹೋಯಿತು?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಬ್ಯಾಂಕಿನವರು ಹೇಳಿದ್ದು ಸುಳ್ಳಿರಲಾರದು. ನಿಮ್ಮ ಬ್ಯಾಂಕಿಗೂ ಆ ಜರ್ಮನ್ ಬ್ಯಾಂಕಿಗೂ ನೇರ ವ್ಯವಹಾರ ಇಲ್ಲದಿದ್ದರೆ ಹಣ ನಡುವೆ ಇನ್ನೊಂದು ಬ್ಯಾಂಕನ್ನು ಹಾದು ಹೋಗುತ್ತದೆ. ಅದು ತನ್ನ ಶುಲ್ಕವನ್ನು ಅದೇ ಮೊತ್ತದಿಂದ ಮುರಿದುಕೊಳ್ಳುತ್ತದೆ. ಯಾರು ಖರ್ಚು ಹೊರಬೇಕು ಎಂಬುದು ನಿಮ್ಮ ಅರ್ಜಿಯಲ್ಲೇ ತೀರ್ಮಾನವಾಗುತ್ತದೆ: ‘ಅವರ್’ (OUR) ಎಂದರೆ ಎಲ್ಲ ಖರ್ಚೂ ಕಳಿಸುವವರದು, ‘ಷಾ’ (SHA) ಎಂದರೆ ಹಂಚಿಕೆ, ‘ಬೆನ್’ (BEN) ಎಂದರೆ ಪಡೆಯುವವರದು. ಆ ಕಲಂ ಖಾಲಿ ಬಿಟ್ಟರೆ ಸಾಮಾನ್ಯವಾಗಿ ‘ಷಾ’ ಬೀಳುತ್ತದೆ. ಇಷ್ಟು ಮುಖ್ಯವಾದ ವಿಷಯವನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳುವವರು ಕಡಿಮೆ, ಅದೇ ಬೇಸರ.

ಸ್ವಿಫ್ಟ್ ಕಾಪಿ, ಅಂದರೆ ನಿಮ್ಮ ಬ್ಯಾಂಕು ವಿದೇಶಿ ಬ್ಯಾಂಕಿಗೆ ಕಳಿಸಿದ ಪಾವತಿ ಸಂದೇಶದ ಪ್ರತಿ, ಕೇಳಿ ಪಡೆಯಿರಿ. ಹಳೆಯ ಎಂಟಿ 103 ಮಾದರಿಯಲ್ಲಿ 71ಎ ಎಂಬ ಸಾಲಿನಲ್ಲಿ ಈ ಮೂರರಲ್ಲಿ ಯಾವುದು ಬಿದ್ದಿದೆ ಎಂಬುದು ಕಾಣುತ್ತದೆ. 2025ರ ನವೆಂಬರ್‌ನಿಂದ ಕಡ್ಡಾಯವಾಗಿರುವ ಹೊಸ ಮಾದರಿಯಲ್ಲಿ ‘ಅವರ್’ ಬದಲು ‘ಡಿಇಬಿಟಿ’, ‘ಷಾ’ ಬದಲು ‘ಎಸ್‌ಎಚ್‌ಎಆರ್’ ಎಂದಿರುತ್ತದೆ. ಅದರಲ್ಲೇ ಹಣದ ಜಾಡು ಹಿಡಿಯುವ 36 ಅಕ್ಷರಗಳ ಯುಇಟಿಆರ್ ಸಂಖ್ಯೆಯೂ ಇರುತ್ತದೆ. ಅದನ್ನು ಕೊಟ್ಟರೆ ಹಣ ಯಾವ ಬ್ಯಾಂಕಿನಲ್ಲಿದೆ, ಎಲ್ಲಿ ಎಷ್ಟು ಕಡಿತವಾಯಿತು ಎಂಬುದನ್ನು ನಿಮ್ಮ ಬ್ಯಾಂಕು ಪತ್ತೆ ಮಾಡಬಲ್ಲದು.

ಈಗ ಬರೀ 22 ಯೂರೊ ಕಳಿಸಬೇಡಿ, ಅದನ್ನೂ ದಾರಿಯಲ್ಲೇ ಮುರಿದುಕೊಂಡಾರು. ‘ಅವರ್’ ಹಾಕಿಸಿ 70 ಯೂರೊ ಕಳಿಸಿ. ‘ಅವರ್’ ಇದ್ದರೂ ಕೊನೆಯ ಬ್ಯಾಂಕು ತನ್ನ ಶುಲ್ಕ ಹಿಡಿಯುವುದುಂಟು, ಅದಕ್ಕೇ ಈ ಹೆಚ್ಚುವರಿ. ಹೆಚ್ಚಾದದ್ದು ಮಗಳ ಖಾತೆಯಲ್ಲೇ ಇರುತ್ತದೆ. ಖಾತೆ ತೆರೆದಾಗ ಕೊಟ್ಟ ರೆಫರೆನ್ಸ್ ಸಂಖ್ಯೆಯನ್ನು ವಿವರಣೆಯ ಸಾಲಿನಲ್ಲಿ ಬರೆಸಲು ಮರೆಯಬೇಡಿ. ಕಳಿಸುವವರು ನೀವು, ಖಾತೆ ಅವಳದು. ಆ ಸಂಖ್ಯೆ ಇಲ್ಲದಿದ್ದರೆ ಹಣ ಯಾರದೆಂದು ಅವರಿಗೆ ಗೊತ್ತಾಗುವುದು ಕಷ್ಟ.

ಪ್ರಶ್ನೆ: ಒಂದು ಬ್ಯಾಂಕು ಟಿಟಿ (ವಿದೇಶಕ್ಕೆ ಹಣ ವರ್ಗಾವಣೆ) ಶುಲ್ಕ ಸೊನ್ನೆ ಎನ್ನುತ್ತದೆ, ಇನ್ನೊಂದು 1,000 ರೂಪಾಯಿ ಎನ್ನುತ್ತದೆ. ಯಾವುದು ಲಾಭ? ಟಿಸಿಎಸ್ ಎಷ್ಟು ಹಿಡಿಯುತ್ತಾರೆ?
– ಓದುಗರು, ಹುಬ್ಬಳ್ಳಿ

ಉತ್ತರ: ಶುಲ್ಕ ನೋಡಬೇಡಿ, ರೇಟು ನೋಡಿ. 11,904 ಯೂರೊ ಕಳಿಸುವಾಗ ಯೂರೊಗೆ ಒಂದು ರೂಪಾಯಿ ವ್ಯತ್ಯಾಸವಾದರೂ 11,904 ರೂಪಾಯಿ ಏರುಪೇರು. ಅದೇ ದಿನ, ಅದೇ ಗಂಟೆಯಲ್ಲಿ ಎರಡೂ ಕಡೆ ಟಿಟಿ ಸೆಲ್ಲಿಂಗ್ ರೇಟ್ (ಬ್ಯಾಂಕು ನಿಮಗೆ ವಿದೇಶಿ ಹಣ ಮಾರುವ ದರ) ಕೇಳಿ, ಶುಲ್ಕ ಮತ್ತು ಜಿಎಸ್‌ಟಿ ಸೇರಿಸಿ ಖಾತೆಯಿಂದ ಒಟ್ಟು ಎಷ್ಟು ಕಳೆಯುತ್ತಾರೆ ಎಂದು ಬರೆಸಿಕೊಳ್ಳಿ. ದೊಡ್ಡ ಮೊತ್ತಕ್ಕೆ ಕಾರ್ಡ್ ರೇಟಿಗಿಂತ (ಬ್ಯಾಂಕು ಆ ದಿನಕ್ಕೆ ಪ್ರಕಟಿಸಿದ ದರ) ಒಳ್ಳೆಯ ರೇಟು ಕೇಳುವುದು ತಪ್ಪಲ್ಲ, ಕೇಳಿದವರಿಗೆ ಕೊಡುತ್ತಾರೆ. ಕರೆನ್ಸಿ ವಿನಿಮಯದ ಮೇಲಿನ ಜಿಎಸ್‌ಟಿ ಚಿಕ್ಕದು: 12 ಲಕ್ಷ ರೂಪಾಯಿಗೆ 1,026 ರೂಪಾಯಿ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ನಿಮ್ಮಿಂದ ಹಿಡಿಯುವ ಮುಂಗಡ ತೆರಿಗೆ. 2025ರ ಏಪ್ರಿಲ್ 1ರಿಂದ ಒಂದು ಪ್ಯಾನ್‌ಗೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿವರೆಗೆ ಇಲ್ಲ. ಎಲ್ಲ ಬ್ಯಾಂಕುಗಳಿಂದ ಕಳಿಸಿದ್ದೂ ಸೇರಿ ಈ ಲೆಕ್ಕ. ಮೀರಿದ ಭಾಗಕ್ಕೆ ಮಾತ್ರ ಹಿಡಿಯುತ್ತಾರೆ: ಉಡುಗೊರೆ, ಹೂಡಿಕೆಗಾದರೆ ಶೇ 20, ಶಿಕ್ಷಣ ಮತ್ತು ಚಿಕಿತ್ಸೆಗೆ ಬಹಳ ಕಡಿಮೆ, ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಇಲ್ಲವೇ ಇಲ್ಲ. ಆದ್ದರಿಂದ ಹಣ ಕಳಿಸಲು ತುಂಬುವ ಎ2 ಫಾರಂನಲ್ಲಿ ಪರ್ಪಸ್ ಕೋಡ್ (ಯಾವ ಉದ್ದೇಶಕ್ಕೆ ಎಂಬ ಸಂಕೇತ) ಸರಿಯಾಗಿರಲಿ. ಅಲ್ಲಿಗೆ ಹೋಗಿ ಓದುವವರ ಫೀಸು, ಹಾಸ್ಟೆಲ್ ಖರ್ಚಿಗೆ ಎಸ್0305. ಅವಸರದಲ್ಲಿ ಉಡುಗೊರೆಯ ಕೋಡ್ ಬಿದ್ದರೆ ಶೇ 20 ಕಡಿತ. ಹಿಡಿದ ಟಿಸಿಎಸ್ ನಷ್ಟವಲ್ಲ, ರಿಟರ್ನ್ಸ್‌ನಲ್ಲಿ ನಿಮ್ಮ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ತಂದೆ ತಾಯಿ ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳಿಸಿದರೆ ಇಬ್ಬರಿಗೂ ಬೇರೆ ಬೇರೆ 10 ಲಕ್ಷದ ಮಿತಿ ಸಿಗುತ್ತದೆ.

ಪ್ರಶ್ನೆ: ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾದರೆ ಹಣ ವಾಪಸ್ ಬರುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಅದು ಹಣ ಹೋಗುವ ದೇಶ ಯಾವುದು ಎಂಬುದರ ಮೇಲಿದೆ. ಯುರೋಪಿನ ಖಾತೆ ಸಂಖ್ಯೆಯಾದ ಐಬಿಎಎನ್‌ನಲ್ಲಿ ದೇಶದ ಅಕ್ಷರಗಳ ನಂತರದ ಎರಡು ಅಂಕಿ ತಾಳೆ ನೋಡಲೆಂದೇ ಇವೆ. ಜರ್ಮನಿಯದು ಒಟ್ಟು 22 ಅಕ್ಷರ. ಒಂದು ಅಂಕಿ ತಪ್ಪಿದರೂ ತಾಳೆಯಾಗದೆ ತಡೆಯಲ್ಪಡುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಐಬಿಎಎನ್ ಇಲ್ಲ. ಅಮೆರಿಕದಲ್ಲಿ ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ನಂಬರ್, ಆಸ್ಟ್ರೇಲಿಯಾದಲ್ಲಿ ಅಂಥದ್ದೇ 6 ಅಂಕಿಯ ಬಿಎಸ್‌ಬಿ ಸರಿಯಿದ್ದು ಖಾತೆ ಸಂಖ್ಯೆ ಮಾತ್ರ ತಪ್ಪಿದರೆ ಹಣ ಬೇರೆಯವರ ಖಾತೆಗೆ ಬೀಳಬಹುದು. ಆಮೇಲೆ ರಿಕಾಲ್ (ಹಣ ವಾಪಸ್ ಕೇಳುವ ಮನವಿ) ಹಾಕಿದರೂ ಆ ಖಾತೆದಾರರು ಒಪ್ಪಬೇಕು. ತಿಳಿದ ಕೂಡಲೇ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಡಿ. ವಾಪಸ್ ಬಂದರೂ ಹಣವನ್ನು ಬೈಯಿಂಗ್ ರೇಟಿನಲ್ಲಿ (ಬ್ಯಾಂಕು ನಿಮ್ಮಿಂದ ಕೊಳ್ಳುವ ಕಡಿಮೆ ದರ) ರೂಪಾಯಿ ಮಾಡುತ್ತಾರೆ, ಆ ವ್ಯತ್ಯಾಸ ನಿಮ್ಮ ಮೇಲೆಯೇ.

ಪ್ರಶ್ನೆ: ವಿದೇಶಿ ಫಾರೆಕ್ಸ್ ಟ್ರೇಡಿಂಗ್ ಆ್ಯಪ್‌ಗೆ ಬ್ಯಾಂಕಿನಿಂದ ಡಾಲರ್ ಕಳಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ವರ್ಷಕ್ಕೆ 2,50,000 ಡಾಲರ್ ಕಳಿಸಲು ಬಿಡುವ ಎಲ್‌ಆರ್‌ಎಸ್ ಯೋಜನೆಯಲ್ಲಿ ವಹಿವಾಟಿಗೆಂದು ಇಡುವ ಮುಂಗಡವಾದ ಟ್ರೇಡಿಂಗ್ ಮಾರ್ಜಿನ್‌ಗೆ, ಲಾಟರಿಗೆ ಹಣ ಕಳಿಸುವುದು ನಿಷಿದ್ಧ. ‘ಕುಟುಂಬ ನಿರ್ವಹಣೆ’ ಎಂದು ಬರೆದು ಕಳಿಸಿ ಎಂದು ಏಜೆಂಟರು ಹೇಳಿಕೊಟ್ಟರೆ ಕೇಳಬೇಡಿ. ಎ2 ಫಾರಂಗೆ ಸಹಿ ಹಾಕುವವರು ನೀವು, ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಉತ್ತರ ಕೊಡಬೇಕಾದವರೂ ನೀವೇ.