ರೂಮು ಬದಲಿಸಬೇಡಮ್ಮ

ಪಾವಗಡ ತಾಲ್ಲೂಕಿನ ಓದುಗಿಯೊಬ್ಬರ ಪತ್ರ: "ತುಮಕೂರಿಗೆ ಎಂ.ಎ. ಓದಲು ಬಂದು ಮೂರು ತಿಂಗಳಾಯಿತು. ನಮ್ಮ ಮನೆಮಾತು ತೆಲುಗು. ನನ್ನ ಕನ್ನಡ ಕೇಳಿ ಕ್ಲಾಸಿನಲ್ಲಿ ನಗುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಒಬ್ಬಳು ಶಿರಾದವಳು, ಮನೆಯಲ್ಲಿ ಉರ್ದು. ಇನ್ನೊಬ್ಬಳು ತಿಪಟೂರಿನವಳು. ಜಗಳವಿಲ್ಲ, ಮಾತೂ ಇಲ್ಲ. ನಮ್ಮ ಕಡೆಯ ಹುಡುಗಿಯರ ರೂಮಿನಲ್ಲಿ ಒಂದು ಮಂಚ ಖಾಲಿ ಇದೆ. ಹೋಗಿಬಿಡಲೇ? ಇಷ್ಟು ಜನರ ನಡುವೆ ಒಬ್ಬಳೇ ಅನ್ನಿಸುತ್ತದೆ."

ಸಂಪಾದಕರ ಉತ್ತರ:

ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯುತ್ತೇನೆ. ಹೋಗಬೇಡಮ್ಮ.

ನಮ್ಮವರ ಜೊತೆ ಇರಬೇಕು ಅನ್ನಿಸುವುದು ತಪ್ಪಲ್ಲ. ನೂರು ವರ್ಷದ ಹಿಂದೆ ಹಳ್ಳಿ ಹುಡುಗರಿಗೆ ಪೇಟೆಯಲ್ಲಿ ಉಳಿಯಲು ಜಾಗ ಇರಲಿಲ್ಲ. ಆಗ ಒಂದೊಂದು ಜಾತಿಯವರು ಕಟ್ಟಿಸಿದ ಹಾಸ್ಟೆಲ್‌ಗಳೇ ಎಷ್ಟೋ ಮಕ್ಕಳನ್ನು ಓದಿಸಿದವು. ಆ ಋಣ ಇದ್ದೇ ಇದೆ. ಆದರೆ ನಿನಗೆ ಮಂಚ ಸಿಕ್ಕಿದೆ, ಊಟ ಸಿಕ್ಕಿದೆ. ಇನ್ನು ಬೇಕಿರುವುದು ಸ್ನೇಹ ಅಲ್ವಾ?

ನಾನು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಓದಿದವನು. ರೂಮಿಗೆ ಕೆ.ಜಿ.ಎಫ್.ನ ಹುಡುಗನೊಬ್ಬ ಬಂದ. ತಮಿಳು ಮನೆಯವನು, ತಂದೆ ಚಿನ್ನದ ಗಣಿಯಲ್ಲಿ ಕೆಲಸ. ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಮೊದಲ ದಿನ ಮೆಸ್ಸಿನಲ್ಲಿ ಮುದ್ದೆ ಹಾಕಿದರು. ಅವನು ಅಗಿಯುತ್ತಾ ಕೂತ. ಹಲ್ಲಿಗೆ ಮೆತ್ತಿಕೊಂಡಿತು. ಇಡೀ ಸಾಲು ನಕ್ಕಿತು, ನಾನೂ ನಕ್ಕೆ. ರಾತ್ರಿ ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ನಿದ್ದೆ ಮಾಡಿರಲಿಲ್ಲ. ಅದು ನನಗೆ ಗೊತ್ತಾಗುತ್ತಿತ್ತು.

ಮತ್ತೆ ಮುದ್ದೆ ಮಾಡಿದ ದಿನ ಅವನ ಪಕ್ಕದಲ್ಲೇ ಕೂತೆ. ಚೂರು ಮುರಿದುಕೋ, ಬೆರಳಲ್ಲೇ ಉಂಡೆ ಮಾಡು, ಉಪ್ಸಾರಿನಲ್ಲಿ ಅದ್ದು, ಸುಮ್ನೆ ನುಂಗು ಅಂತ ತೋರಿಸಿದೆ. ನಮ್ಮ ಮಾತು ಶುರುವಾಗಿದ್ದು ಅಲ್ಲಿಂದ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಅವನು ಮೊದಲು ಫೋನ್ ಮಾಡಿದ್ದು ನನಗೆ. "ಅಪ್ಪ ಮನೇಲೇ ಕೂತಿದ್ದಾರೆ ಕಣೋ" ಅಂದ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಅವನನ್ನು ಅವನ ಕಡೆಯವರ ರೂಮಿಗೆ ಕಳಿಸಿಬಿಟ್ಟಿದ್ದರೆ, ಗಣಿ ಮುಚ್ಚಿದ್ದು ನನಗೆ ಪೇಪರಿನ ಸುದ್ದಿ ಅಷ್ಟೇ ಆಗಿರುತ್ತಿತ್ತು.

ನಿನ್ನ ಕನ್ನಡಕ್ಕೆ ನಗುವವರಿಗೆ ಹೇಳು. ಕೋಲಾರದ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರಿಗೂ ಜ್ಞಾನಪೀಠ ತಂದುಕೊಟ್ಟಿದ್ದು ಕನ್ನಡ. ಮೂರು ಕಡೆ ಆಂಧ್ರ ಇರುವ ತಾಲ್ಲೂಕಿನಿಂದ ಬಂದು ಕನ್ನಡದಲ್ಲೇ ಇಷ್ಟು ಚೆನ್ನಾಗಿ ಪತ್ರ ಬರೆದಿದ್ದೀಯ. ನಗುವವರು ಎರಡು ಸಾಲು ತೆಲುಗು ಬರೆಯಲಿ ನೋಡೋಣ.

ಹೀಗೆ ಬೆರೆಯುವುದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಸಿದ್ಧಗಂಗೆಯ ದಾಸೋಹಕ್ಕೆ ಹೋಗಿ ನೋಡು. ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. 2019ರಲ್ಲಿ ಶಿವಕುಮಾರ ಸ್ವಾಮೀಜಿ ಹೋದಾಗ ಇಡೀ ಊರು ಅತ್ತಿದ್ದು ಆ ಅನ್ನಕ್ಕಾಗಿ.

ನನ್ನ ಬೇಸರ ನಿನ್ನ ಮೇಲಲ್ಲ, ದೊಡ್ಡವರ ಮೇಲೆ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆದಾಗ, ಹತ್ತು ತಾಲ್ಲೂಕಿನ ಮಕ್ಕಳು ಒಂದೇ ಅಂಗಳಕ್ಕೆ ಬರುತ್ತಾರೆ ಅಂತ ಖುಷಿಪಟ್ಟವನು ನಾನು. ಆದರೆ ಈಗ ನಮ್ಮ ಕಡೆ ಮಕ್ಕಳು ಬಸ್ ಪಾಸ್ ಹಿಡಿದು ಬರುತ್ತಾರೆ, ನಾಲ್ಕು ಗಂಟೆಗೆ ಬಸ್ ಹಿಡಿದು ಹೋಗುತ್ತಾರೆ. ಒಟ್ಟಿಗೆ ಟೀ ಕುಡಿಯಲು, ನಾಟಕ ಆಡಲು, ವಾದ ಮಾಡಲು ಸಂಜೆಯೇ ಇಲ್ಲ. ಸಂಜೆ ಇಲ್ಲದ ಕಡೆ ಗೆಳೆತನ ಎಲ್ಲಿಂದ ಬರಬೇಕು? ಒಂದು ಹಾಸ್ಟೆಲ್‌ಗೆ ನನ್ನ ತಂಗಿಯ ಮಗನನ್ನು ಸೇರಿಸಲು ಹೋಗಿದ್ದೆ. ವಾರ್ಡನ್ ರಿಜಿಸ್ಟರ್ ತೆಗೆದು, ಹುಡುಗನ ಹೆಸರು ಕೇಳುವ ಮೊದಲೇ "ಯಾವ ಜನ ನೀವು?" ಅಂದರು. "ಅವರವರಿಗೆ ಅವರವರ ರೂಮು ಸಾರ್, ಗಲಾಟೆ ಇರಲ್ಲ" ಅಂದರು. ಗಲಾಟೆ ಇರಲ್ಲ, ನಿಜ. ಪರಿಚಯವೂ ಇರಲ್ಲ. ಇದೇ ಹುಡುಗರು ನಾಳೆ ಮೇಷ್ಟ್ರಾಗುತ್ತಾರೆ, ತಹಸೀಲ್ದಾರರಾಗುತ್ತಾರೆ. ಆಗ ಅವರೂ ಎದುರಿಗೆ ನಿಂತವರನ್ನು ಮೊದಲು ಕೇಳುವುದು ಇದನ್ನೇ.

ನಿಮ್ಮ ವಾರ್ಡನ್ ಮೂರು ಊರಿನ ಮೂವರನ್ನು ಒಂದೇ ರೂಮಿಗೆ ಹಾಕಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಈ ಸಲ ಊರಿಂದ ಬರುವಾಗ ಕಡಲೆಕಾಯಿ ಜಾಸ್ತಿ ತಾ, ಹುರಿದು. ರೂಮಿನಲ್ಲೇ ಪೇಪರ್ ಹಾಸಿ ಸುರಿ. ತಿಪಟೂರಿನವಳ ಟ್ರಂಕಿನಲ್ಲಿ ಕೊಬ್ಬರಿ ಇದ್ದೇ ಇರುತ್ತದೆ. ಕಡಲೆಕಾಯಿಗೆ ಉರ್ದುವಿನಲ್ಲಿ ಏನಂತಾರೆ ಅಂತ ಶಿರಾದವಳನ್ನು ಕೇಳು. ಆಮೇಲೆ ಏನಾಯಿತು ಅಂತ ನನಗೊಂದು ಪತ್ರ ಹಾಕು.