ಫಾರಂನಲ್ಲಿ ‘ಹಿಂದೂ’ ಅಂತ ಬರೆದರೆ ಸಾಲದು, ‘ಮೊಟ್ಟೆ ಬೇಡ’ ಅಂತ ಬರೆಯಿರಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬರುತ್ತಿದ್ದೀರಿ, ಮಗಳಿಗೆ ನಾಲ್ಕೂವರೆ ವರ್ಷ, ಸೆಪ್ಟೆಂಬರ್‌ನಲ್ಲಿ ಶಾಲೆ ಶುರು. ಮನೆಯಲ್ಲಿ ಮೊಟ್ಟೆಯೂ ಇಲ್ಲ. “ಅಲ್ಲಿ ಶಾಲೆಯಲ್ಲೇ ಊಟ ಕೊಡ್ತಾರಂತೆ. ನಾವು ಲಿಂಗಾಯತರು ಅಂತ ಹೇಳಿದರೆ ಅವರಿಗೆ ಅರ್ಥ ಆಗುತ್ತಾ?” ಅಂತ ಕೇಳಿದ್ದೀರಿ.

ಅರ್ಥ ಆಗಲ್ಲ. ಆಗಬೇಕಾಗಿಯೂ ಇಲ್ಲ. ಅಡುಗೆಮನೆಯವರಿಗೆ ಬೇಕಾಗಿರುವುದು ನಿಮ್ಮ ಧರ್ಮದ ಹೆಸರಲ್ಲ, ತಟ್ಟೆಗೆ ಏನು ಹಾಕಬಾರದು ಅನ್ನುವುದು. ಇದನ್ನು ನಾನು ಕಲಿತದ್ದು ಸ್ವಲ್ಪ ಕಷ್ಟಪಟ್ಟೇ. ಅದನ್ನೇ ಹೇಳುತ್ತೇನೆ.

ನಾವು ಧಾರವಾಡದ ಕಡೆಯವರು, 2011ರಲ್ಲಿ ಇಲ್ಲಿಗೆ ಬಂದೆವು. ಮಗಳು 2014ರ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್ ಸೇರಿದಳು. ರಿಸೆಪ್ಷನ್ ಅಂದರೆ ನಮ್ಮ ಯುಕೆಜಿ ಥರ. ಅದೇ ತಿಂಗಳು ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್, ಇಯರ್ ಒನ್, ಇಯರ್ ಟೂ ಮಕ್ಕಳಿಗೆಲ್ಲ ಬಿಸಿ ಊಟ ಉಚಿತ ಅಂತ ಶುರುವಾಯಿತು. ಅದು ಈಗಲೂ ಇದೆ. ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ವೀಸಾದ ಮೇಲೆ ಬಂದವರಿಗೂ ಸಿಗುತ್ತದೆ, ಅದರಿಂದ ವೀಸಾಕ್ಕೆ ಏನೂ ತೊಂದರೆ ಇಲ್ಲ. ಇಯರ್ ತ್ರೀಯಿಂದ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಲಂಡನ್‌ನಲ್ಲಿ ಮಾತ್ರ 2023ರಿಂದ ಪ್ರೈಮರಿ ಮುಗಿಯುವ ತನಕ ಉಚಿತ. ಸ್ಕಾಟ್ಲೆಂಡ್, ವೇಲ್ಸ್‌ನ ಲೆಕ್ಕ ಬೇರೆ, ನಿಮಗೆ ಅದು ಬೇಡ.

ಊಟ ಉಚಿತ ಇದ್ದರೂ ನಾನು ಮೊದಲ ಟರ್ಮ್ ಡಬ್ಬಿಯನ್ನೇ ಕಟ್ಟಿದೆ. ಚಪಾತಿಗೆ ತುಪ್ಪ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಸುರುಳಿ ಮಾಡಿ ಕೊಡುತ್ತಿದ್ದೆ. ನಮ್ಮ ಕಡೆಯ ಮಕ್ಕಳು ಇದನ್ನು ತಿಂದೇ ಬೆಳೆದವರು, ಅಲ್ವಾ? ಮೂರನೇ ದಿನ ಸುರುಳಿ ಹಾಗೆಯೇ ವಾಪಸ್ ಬಂತು. ಮೇಲೊಂದು ಚೀಟಿ: ನಮ್ಮದು ನಟ್-ಫ್ರೀ ಶಾಲೆ, ದಯವಿಟ್ಟು ಶೇಂಗಾ ಕಳಿಸಬೇಡಿ. ಪಾಪ, ಮಗು ಆ ದಿನ ಬರೀ ಸೇಬು ತಿಂದುಕೊಂಡು ಬಂದಿತ್ತು. ಶೇಂಗಾ ಸ್ವಲ್ಪ ತಿಂದರೂ ಜೀವಕ್ಕೆ ಅಪಾಯ ಆಗುವ ಮಕ್ಕಳು ಇಲ್ಲಿ ಒಂದೊಂದು ಕ್ಲಾಸಿನಲ್ಲೂ ಇರಬಹುದು, ಹಾಗಾಗಿ ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, 2025ರ ಶುರುವಿನ ತನಕ ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರಲ್ಲ, ಆ ಚಿಕ್ಕಿಯನ್ನು ಇಲ್ಲಿ ಶಾಲೆಯ ಗೇಟಿನೊಳಗೆ ತರುವ ಹಾಗಿಲ್ಲ!

ಬೆಳಗ್ಗೆ ಆರಕ್ಕೆ ಎದ್ದು ಡಬ್ಬಿ ಕಟ್ಟಿ ಸಾಕಾಗಿತ್ತು. ಜನವರಿಯಿಂದ ಶಾಲೆಯ ಊಟಕ್ಕೆ ಹಾಕಿದೆ. ಫಾರಂನಲ್ಲಿ ‘ಡಯೆಟರಿ ರಿಕ್ವೈರ್‌ಮೆಂಟ್ಸ್’ ಅಂತ ಒಂದು ಜಾಗ ಇತ್ತು. ಅಲ್ಲಿ ಜಂಬದಿಂದ ‘ಹಿಂದೂ ಡಯೆಟ್’ ಅಂತ ಬರೆದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಆ ಶಾಲೆಯಲ್ಲಿ ಬೆಳಗ್ಗೆ ಹಾಜರಿ ಕರೆಯುವಾಗಲೇ ಊಟ ಯಾವುದು ಅಂತ ಮಕ್ಕಳನ್ನು ಕೇಳುತ್ತಾರೆ. ಕೆಂಪು ಅಂದರೆ ಮಾಂಸ ಅಥವಾ ಮೀನು, ಹಸಿರು ಅಂದರೆ ವೆಜಿಟೇರಿಯನ್, ನೀಲಿ ಅಂದರೆ ಜಾಕೆಟ್ ಪೊಟ್ಯಾಟೊ, ಅಂದರೆ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ. ಆ ಬಣ್ಣದ ಪಟ್ಟಿಯನ್ನು ಕೈಗೆ ಹಾಕುತ್ತಾರೆ. ನಮ್ಮವಳಿಗೆ ಕೆಂಪು ಅಂದರೆ ಪ್ರಾಣ. ಕೆಂಪು ಅಂದಳು.

ಶುಕ್ರವಾರ ಮಧ್ಯಾಹ್ನ ಗೇಟಿನ ಹತ್ತಿರ ಓಡಿ ಬಂದಳು. ಕಾಲರ್ ಮೇಲೆ ಟೊಮ್ಯಾಟೊ ಕೆಚಪ್ ಕಲೆ. “ಅಮ್ಮಾ, ಇವತ್ತು ಉದ್ದನೆ ಬಜ್ಜಿ ಕೊಟ್ಟಿದ್ರು. ಒಳಗೆ ಬೆಳ್ಳಗಿತ್ತು. ಎರಡು ತಿಂದೆ.” ಆಲೂಗಡ್ಡೆ ಇರಬೇಕು ಅಂತ ನಾನೂ ಖುಷಿಪಟ್ಟೆ. ಸೋಮವಾರ ಆಫೀಸಿನ ಬಾಗಿಲಲ್ಲಿ ಅಂಟಿಸಿದ್ದ ಮೆನು ನೋಡಿದೆ. ಶುಕ್ರವಾರ, ಕೆಂಪು: ಫಿಶ್ ಫಿಂಗರ್ ಮತ್ತು ಚಿಪ್ಸ್.

ವಿಚಾರಿಸಿದರೆ ತಪ್ಪು ನನ್ನದೇ. ‘ಹಿಂದೂ’ ಅಂದರೆ ಬೀಫ್ ತಿನ್ನಲ್ಲ ಅಂತ ಅವರು ತಿಳಿದಿದ್ದರು. ಬೀಫ್ ಕೊಟ್ಟಿರಲಿಲ್ಲ, ಅಷ್ಟಕ್ಕೆ ಮಾತು ಉಳಿಸಿಕೊಂಡಿದ್ದರು. ಕೋಳಿ, ಮೀನು ತಿನ್ನುವ ಹಿಂದೂ ಮಕ್ಕಳೂ ಅದೇ ಕ್ಲಾಸಿನಲ್ಲಿ ಇದ್ದರಲ್ಲ.

ಅಡುಗೆಯಾಕೆಯನ್ನೇ ಕಾಣಬೇಕು ಅಂದೆ. ಕರೆಸಿದರು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ದಪ್ಪ ಫೈಲು. ಅದರಲ್ಲಿ ಒಂದು ಪಟ್ಟಿ: ಎಡಕ್ಕೆ ಅಡುಗೆಗಳ ಹೆಸರು, ಮೇಲೆ 14 ಅಲರ್ಜಿ ಪದಾರ್ಥಗಳು, ಮಧ್ಯೆ ಟಿಕ್ ಗುರುತು. 2014ರ ಡಿಸೆಂಬರ್‌ನಿಂದ ಈ ಮಾಹಿತಿ ಇಟ್ಟುಕೊಳ್ಳುವುದು ಕಡ್ಡಾಯ. ಹಾಲು, ಮೊಟ್ಟೆ, ಮೀನು, ಶೇಂಗಾ, ಎಳ್ಳು ಎಲ್ಲ ಆ 14ರಲ್ಲಿ ಬರುತ್ತವೆ. ಸಾಸಿವೆ ಕೂಡ! ನಮ್ಮ ಒಗ್ಗರಣೆಯೇ ಆ ಪಟ್ಟಿಯಲ್ಲಿದೆ. ಆಕೆ ಮೊಟ್ಟೆಯ ಸಾಲಿನ ಮೇಲೆ ಬೆರಳಿಟ್ಟು ಕೆಳಗೆ ಇಳಿಯುತ್ತಾ ಹೋದಳು. ಯಾರ್ಕ್‌ಶೈರ್ ಪುಡ್ಡಿಂಗ್, ಮೊಟ್ಟೆ ಇದೆ. ಕ್ವಾರ್ನ್ (ಮಾಂಸದ ಬದಲು ತಿನ್ನುವ, ಒಂದು ಬಗೆಯ ಶಿಲೀಂಧ್ರದಿಂದ ಮಾಡಿದ ಪದಾರ್ಥ) ಸಾಸೇಜ್, ಇದೆ. ಸ್ಪಂಜ್ ಕೇಕ್, ಇದೆ. ಅದರ ಮೇಲೆ ಸುರಿಯುವ ಕಸ್ಟರ್ಡ್, ಇಲ್ಲ.

ಆ ಕಸ್ಟರ್ಡ್ ಪುಡಿಯ ಕಥೆ ಚೆನ್ನಾಗಿದೆ. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅನ್ನುವವನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲವಂತೆ. ಅದಕ್ಕೇ ಆತ 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಕಂಡುಹಿಡಿದ. ನಮ್ಮ ಮನೆಗಳಲ್ಲಿ ಫ್ರೂಟ್ ಸಲಾಡ್‌ಗೆ ಸುರಿಯುವುದು ಅದೇ ಥರದ ಪುಡಿ.

ಇಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ತಿನ್ನುತ್ತಾರೆ ಅಂತಲೇ ಲೆಕ್ಕ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಒಳಗೆ ಮೊಟ್ಟೆ ಇಲ್ಲ ಅಂತ ಕಣ್ಣುಮುಚ್ಚಿ ತಗೋಬಹುದು. ಇಲ್ಲಿ ವೆಜಿಟೇರಿಯನ್ ಗುರುತು ಇದ್ದರೂ ಮೊಟ್ಟೆ ಇರಬಹುದು. ಕ್ವಾರ್ನ್ ಅಂತೂ ಶಾಲೆಗಳಲ್ಲಿ ಜಾಸ್ತಿ. ಸಾಧಾರಣ ಕ್ವಾರ್ನ್‌ನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ, ವೇಗನ್ ಅಂತ ಬರೆದದ್ದರಲ್ಲಿ ಇರಲ್ಲ. ಹಾಗಂತ ಪೂರ್ತಿ ವೇಗನ್ ಅಂತ ಬರೆಸಬೇಡಿ. ಮೊಸರು, ಚೀಸ್ ಕೂಡ ತಪ್ಪುತ್ತದೆ, ನಾಲ್ಕು ವರ್ಷದ ಮಗುವಿಗೆ ಅದು ಯಾಕೆ?

ಮೊಟ್ಟೆಯನ್ನಾದರೂ ಆ ಪಟ್ಟಿ ನೋಡಿ ಹಿಡಿಯಬಹುದು. ಹಿಡಿಯಲು ಕಷ್ಟ ಜೆಲಟಿನ್. ಹಂದಿ, ದನದ ಚರ್ಮ, ಮೂಳೆಯಿಂದ ತೆಗೆಯುವ ಅಂಟು ಅದು. ಜೆಲ್ಲಿ, ಮಾರ್ಷ್‌ಮ್ಯಾಲೊ, ಎಷ್ಟೋ ಗಮ್ಮಿ ಮಿಠಾಯಿಗಳಲ್ಲಿ ಇರುತ್ತದೆ. ಹಂದಿ, ದನ ಆ 14ರಲ್ಲಿ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಟಿಕ್ ಬೀಳಲ್ಲ. ನನಗೆ ಇದು ಗೊತ್ತಾದದ್ದು ಭಟ್ಕಳದ ಗೆಳತಿಯಿಂದ. ಅವಳ ಮಗನ ಶಾಲೆಯಲ್ಲಿ ಹಲಾಲ್ ಮಾಂಸ ಇಲ್ಲ, ಅದಕ್ಕೆ ವೆಜಿಟೇರಿಯನ್ ಅಂತ ಬರೆಸಿದ್ದಳು. ಜೊತೆಗೆ ‘ನೋ ಜೆಲಟಿನ್’ ಅಂತ ಕೆಂಪು ಇಂಕಿನಲ್ಲಿ. ಅಲ್ಲಿಯ ತನಕ ನಾನು ನನ್ನ ಮಗಳಿಗೆ ಅಂಗಡಿಯಿಂದ ಗಮ್ಮಿ ಕರಡಿಗಳನ್ನು ತಂದು ತಿನ್ನಿಸುತ್ತಿದ್ದೆ. ನಮ್ಮ ಅತ್ತೆಗೆ ಇವತ್ತಿಗೂ ಹೇಳಿಲ್ಲ.

ನಿಮ್ಮ ಫಾರಂನಲ್ಲಿ ಹೀಗೆ ಬರೆಯಿರಿ: ‘ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್, ನೋ ಜೆಲಟಿನ್. ಮಿಲ್ಕ್ ಆ್ಯಂಡ್ ಚೀಸ್ ಓಕೆ.’ ಚಿಕನ್, ಫಿಶ್ ಬೇರೆಬೇರೆಯಾಗಿಯೇ ಬರೆಯಿರಿ. ‘ಮೀಟ್’ ಅಂದರೆ ಅದರಲ್ಲಿ ಮೀನು ಬರಲ್ಲ ಅನ್ನುವವರು ಇದ್ದಾರೆ. ಕೊಟ್ಟು ಸುಮ್ನೆ ಕೂರಬೇಡಿ. ಮೊದಲ ವಾರವೇ ಟೀಚರ್‌ಗೆ, ಊಟದ ಹೊತ್ತಿಗೆ ನೋಡಿಕೊಳ್ಳುವ ಡಿನ್ನರ್ ಲೇಡಿಗೆ ಒಮ್ಮೆ ಬಾಯಲ್ಲಿ ಹೇಳಿ. (ಮಧ್ಯಾಹ್ನದ ಊಟಕ್ಕೆ ಡಿನ್ನರ್ ಯಾಕೆ ಅಂತ ಕೇಳಬೇಡಿ, ಇಲ್ಲಿ ಹಾಗೇ.) ಮಗಳಿಗೆ ಬಣ್ಣವನ್ನೂ ಕಲಿಸಿ.

ಒಂದು ಉಪದೇಶ ನಿಮಗೆ ಖಂಡಿತ ಸಿಗುತ್ತದೆ: “ಅಲರ್ಜಿ ಅಂತ ಹೇಳಿಬಿಡಿ, ಆಗ ಹುಷಾರಾಗಿರ್ತಾರೆ.” ದಯವಿಟ್ಟು ಬೇಡ. ಡಾಕ್ಟರ್ ಚೀಟಿ ಕೇಳುತ್ತಾರೆ. ಮಗುವಿನ ಫೋಟೊ ಅಡುಗೆಮನೆ ಗೋಡೆಗೆ ಏರುತ್ತದೆ. ಆಮೇಲೆ ಯಾರದೋ ಬರ್ತ್‌ಡೇಯಲ್ಲಿ ಅದೇ ಮಗು ಕೇಕ್ ತಿನ್ನುವುದನ್ನು ಟೀಚರ್ ನೋಡಿದರೆ, ನಿಜವಾದ ಅಲರ್ಜಿ ಇರುವ ಮಕ್ಕಳ ಮಾತಿಗೂ ಬೆಲೆ ಹೋಗುತ್ತದೆ.

ಊಟ ಹೇಗಿರುತ್ತದೆ ಅಂದರೆ, ಸಪ್ಪೆ. 2015ರಿಂದ ಶಾಲೆ ಊಟಕ್ಕೆ ಹೊಸ ನಿಯಮಗಳಿವೆ: ಕರಿದದ್ದು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ದಿನಾ ತರಕಾರಿ, ಹಣ್ಣು ಇರಬೇಕು. ವೆಜಿಟೇರಿಯನ್ ಮಕ್ಕಳಿಗೆ ವಾರದಲ್ಲಿ ಮೂರು ದಿನವಾದರೂ ಹಾಲು, ಚೀಸ್ ಬಿಟ್ಟು ಬೇರೆ ಪ್ರೋಟೀನ್ ಕೊಡಬೇಕು, ಅಂದರೆ ಬೀನ್ಸ್, ಬೇಳೆ, ಕ್ವಾರ್ನ್ ಇಂಥದ್ದು. ಮೆನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಸುತ್ತುತ್ತದೆ. ನಮ್ಮವಳು ಬಹಳ ದಿನ ನೀಲಿ ಪಟ್ಟಿಯ ಮೇಲೇ ಬದುಕಿದಳು: ಆಲೂಗಡ್ಡೆ, ಬೇಕ್ಡ್ ಬೀನ್ಸ್, ಮೇಲೆ ಒಂದಿಷ್ಟು ಚೀಸ್. ಬೆಳಗಾವಿಯ ಒಂದು ಜೈನ ಕುಟುಂಬಕ್ಕೆ ಆ ದಾರಿಯೂ ಇರಲಿಲ್ಲ, ನೆಲದೊಳಗೆ ಬೆಳೆಯುವುದು ಬೇಡ. ಅವರು ಕೊನೆಯ ತನಕ ಡಬ್ಬಿಯನ್ನೇ ಕಳಿಸಿದರು. ಒಂದೇ ಇಕ್ಕಳದಲ್ಲಿ ಅದನ್ನೂ ಇದನ್ನೂ ಎತ್ತಿದರೆ ಸಹಿಸುತ್ತೀರಾ, ಮೀನು ಕರಿದ ಎಣ್ಣೆಯಲ್ಲಿ ಕರಿದ ಚಿಪ್ಸ್ ನಡೆಯುತ್ತಾ, ಇದನ್ನು ನೀವಿಬ್ಬರೂ ಮೊದಲೇ ಕೂತು ಮಾತಾಡಿಕೊಳ್ಳಿ. ಎಷ್ಟೋ ಶಾಲೆಗಳಲ್ಲಿ ಚಿಪ್ಸ್ ಓವನ್‌ನಲ್ಲೇ ಮಾಡುತ್ತಾರೆ, ಕೇಳಿದರೆ ಹೇಳುತ್ತಾರೆ. ನಡೆಯಲ್ಲ ಅಂದರೆ ಡಬ್ಬಿಯೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬಿಸಿ ಮಾಡಿ ಕೊಡುವುದಿಲ್ಲ, ಅಷ್ಟು ನೆನಪಿರಲಿ. ಇಡ್ಲಿ ಆರಿದರೆ ಮಗು ಮುಟ್ಟಲ್ಲ. ಚಪಾತಿ ಸುರುಳಿಗೆ ಶೇಂಗಾ ಬದಲು ಅಗಸೆ ಚಟ್ನಿಪುಡಿ ಹಾಕಿ. ಚಿತ್ರಾನ್ನಕ್ಕೆ ಶೇಂಗಾ ಬಿಟ್ಟು ಕಡಲೆಬೇಳೆ ಸ್ವಲ್ಪ ಜಾಸ್ತಿ ಹಾಕಿ.

ಆ ಫಿಶ್ ಫಿಂಗರ್ ವಿಷಯ ಗೊತ್ತಾದ ದಿನ ನಾನು ಮಾಡಿದ ದೊಡ್ಡ ತಪ್ಪು ಫಾರಂದಲ್ಲ. ಮಗಳ ಎದುರಿಗೇ ಊರಿಗೆ ಫೋನ್ ಮಾಡಿ ಅತ್ತುಬಿಟ್ಟೆ. “ಮೀನು ತಿಂದುಬಿಟ್ಟಳು” ಅಂತ ಹೇಳಿದ್ದು ಅವಳ ಕಿವಿಗೆ ಬಿತ್ತು. ಮರುದಿನದಿಂದ ಶಾಲೆಯಲ್ಲಿ ಏನೂ ತಿನ್ನಲಿಲ್ಲ, ಒಂದು ವಾರ. ಬೀನ್ಸ್ ಕೊಟ್ಟರೂ “ಇದರೊಳಗೆ ಏನಿದೆ?” ಅಂತ ಚಮಚದಲ್ಲಿ ಕೆದಕುತ್ತಿದ್ದಳಂತೆ. ಟೀಚರ್ ಹೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೀನು ಏನೂ ತಪ್ಪು ಮಾಡಿಲ್ಲ, ಅಮ್ಮ ಸರಿಯಾಗಿ ಬರೆದಿರಲಿಲ್ಲ ಅಂತ ಹೇಳಿದೆ. ನಿಮ್ಮ ಮಗಳೂ ಒಂದು ದಿನ ಏನಾದರೂ ತಿಂದು ಬಂದೇ ಬರುತ್ತಾಳೆ. ಆವತ್ತು ಮುಖ ಸಣ್ಣದು ಮಾಡಬೇಡಿ.

ನನ್ನ ಮಗಳು ಈಗ ದೊಡ್ಡವಳು, ಸೆಕೆಂಡರಿಯ ಕ್ಯಾಂಟೀನ್‌ನಲ್ಲಿ ತಾನೇ ಆರಿಸಿ ತಿನ್ನುತ್ತಾಳೆ. ಮೊಟ್ಟೆ ತಿನ್ನುತ್ತಾಳೆ, ಬಚ್ಚಿಡದೆ ಹೇಳಿದಳು. ಮೀನು ಮಾತ್ರ ಮುಟ್ಟಲ್ಲ.

ಶಾಲೆ ಗೊತ್ತಾದ ಮೇಲೆ ಅವರ ಮೆನು ನನಗೆ ಕಳಿಸಿ. ಯಾವ ದಿನ ಹಸಿರು, ಯಾವ ದಿನ ನೀಲಿ ಅಂತ ಒಟ್ಟಿಗೆ ಗುರುತು ಹಾಕೋಣ. ಬರುವಾಗ ಅಗಸೆ ಚಟ್ನಿಪುಡಿ ಅರ್ಧ ಕೆಜಿ ಜಾಸ್ತಿಯೇ ತನ್ನಿ.