ಉರಿಯಿಲ್ಲ, ಜ್ವರವಿಲ್ಲ, ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೂತ್ರದ ಸೋಂಕಿನ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರು ಕಳುಹಿಸಿದ ಪ್ರಶ್ನೆಗಳಿವು. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಅಮ್ಮನಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಮಾಮೂಲಿ ತಪಾಸಣೆಯಲ್ಲಿ ಮೂತ್ರದಲ್ಲಿ ಕೀವಿನ ಕಣ 15–20 ಎಂದು ಬಂತು. ಕಲ್ಚರ್‌ನಲ್ಲಿ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲಿ ಬ್ಯಾಕ್ಟೀರಿಯಾ ಒಂದು ಲಕ್ಷಕ್ಕಿಂತ ಹೆಚ್ಚು. ಉರಿಯಿಲ್ಲ, ಜ್ವರವಿಲ್ಲ, ಸ್ವಲ್ಪ ವಾಸನೆ ಇದೆ. ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಎರಡು ಸಲ ಕೊಟ್ಟಾಯಿತು. ಈಗ ವರದಿಯಲ್ಲಿ ‘ಇಎಸ್‌ಬಿಎಲ್’ ಎಂದಿದೆ, ದಾಖಲಿಸಿ ಇಂಜೆಕ್ಷನ್ ಕೊಡಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ? — ಬದಿಯಡ್ಕ

ನೀವು ಬರೆದಷ್ಟೇ ಸಂಗತಿಯಾದರೆ ಇಂಜೆಕ್ಷನ್ ಬೇಡ, ಮಾತ್ರೆಯೂ ಬೇಡ. ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ನೆಲೆಸಿರುವುದೇ ಒಂದು, ಅದರಿಂದ ಕಾಯಿಲೆ ಬೀಳುವುದೇ ಇನ್ನೊಂದು. ಊರಿನಲ್ಲಿ ಓಡಾಡಿಕೊಂಡಿರುವ 70 ದಾಟಿದ ಹೆಂಗಸರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಯ ಮೂತ್ರದಲ್ಲಿ ಹೀಗೆ ಬ್ಯಾಕ್ಟೀರಿಯಾ ಸಿಗುತ್ತದೆ. ಸಕ್ಕರೆ ಕಾಯಿಲೆಯ ಹೆಂಗಸರಲ್ಲೂ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಒಂದು ಮಿಲಿಲೀಟರಿಗೆ ಒಂದು ಲಕ್ಷ ಎಂಬ ಗಡಿಯನ್ನು 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕಾಸ್ ಗುರುತಿಸಿದ್ದು, ಮೂತ್ರ ಹಿಡಿಯುವಾಗ ಚರ್ಮದಿಂದ ಸೇರಿಕೊಂಡದ್ದು ಯಾವುದು, ಮೂತ್ರಕೋಶದಲ್ಲೇ ಬೆಳೆದದ್ದು ಯಾವುದು ಎಂದು ಬೇರ್ಪಡಿಸಲು. ಲಕ್ಷ ದಾಟಿತು ಎಂದರೆ ಬ್ಯಾಕ್ಟೀರಿಯಾ ನಿಜವಾಗಿ ಒಳಗಿದೆ ಎಂದಷ್ಟೇ ಅರ್ಥ. ಔಷಧ ಕೊಡಬೇಕೋ ಬೇಡವೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಲಕ್ಷಣವಿಲ್ಲದ ಹೆಂಗಸರಲ್ಲಿ ಅಷ್ಟು ಹೇಳಲಿಕ್ಕೂ ಒಂದೇ ಬ್ಯಾಕ್ಟೀರಿಯಾ ಎರಡು ಸಲದ ಮಾದರಿಯಲ್ಲಿ ಸಿಗಬೇಕು. ಗಂಡಸರಲ್ಲಿ ಒಂದು ಮಾದರಿ ಸಾಕು.

ಕೀವಿನ ಕಣ ಕಂಡು ಹೆದರಬೇಡಿ. ಬ್ಯಾಕ್ಟೀರಿಯಾ ಇದ್ದಲ್ಲಿ ಬಿಳಿ ರಕ್ತಕಣ ಬರುವುದು ಸಹಜ, ಲಕ್ಷಣವಿಲ್ಲದವರಲ್ಲೂ ಬರುತ್ತದೆ. ವಾಸನೆ, ಮಬ್ಬು ಬಣ್ಣ ನೀರು ಕಡಿಮೆಯಾದರೂ ಕಾಣಿಸಿಕೊಳ್ಳುತ್ತವೆ.

ಎರಡು ಸಲದ ಸೆಫಿಕ್ಸಿಮ್ ಮಾಡಿದ್ದೇನು? ಆ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದವು ಆ ಜಾಗದಲ್ಲಿ ಬೆಳೆದವು. ಇಎಸ್‌ಬಿಎಲ್ ಎಂದರೆ ಸೆಫಿಕ್ಸಿಮ್‌ನಂಥ ಔಷಧಗಳನ್ನು ಒಡೆದುಹಾಕುವ ಕಿಣ್ವ. ಅಮ್ಮನ ಕಾಯಿಲೆ ಹೆಚ್ಚಾಗಿಲ್ಲ, ಮುಂದೆ ನಿಜವಾದ ಸೋಂಕು ಬಂದರೆ ಕೊಡಬಹುದಾದ ಔಷಧಗಳು ಕಡಿಮೆಯಾಗಿವೆ. ನಮ್ಮನ್ನು ಕಾಡುವುದು ಇದೇ. ಪದೇಪದೇ ಸೋಂಕಾಗುವ ಯುವತಿಯರ ಮೇಲೆ ಇಟಲಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣವಿಲ್ಲದಾಗ ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೇ ಮುಂದಿನ ಒಂದು ವರ್ಷದಲ್ಲಿ ಉರಿಮೂತ್ರ ಹೆಚ್ಚು ಬಂತು. ಸೌಮ್ಯವಾದ ಬ್ಯಾಕ್ಟೀರಿಯಾ ಜಾಗ ಹಿಡಿದಿದ್ದರೆ ಕೆಟ್ಟದ್ದಕ್ಕೆ ಒಳಬರಲು ಎಡೆ ಸಿಗದು.

ಹಾಗಾದರೆ ಯಾವಾಗ ಔಷಧ? ಮೂತ್ರಕ್ಕೆ ಹೋಗುವಾಗ ಹೊಸದಾಗಿ ಉರಿ, ತಡೆಯಲಾಗದ ಅವಸರ, ಕೆಳಹೊಟ್ಟೆ ನೋವು ಬಂದರೆ ತೋರಿಸಿ. ಚಳಿಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದ ನೋವು, ವಾಂತಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಯಸ್ಸಾದವರು ಒಮ್ಮೆಲೇ ಗೊಂದಲಗೊಂಡಾಗ ಮೂತ್ರದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ಬಹಳ ಕಡೆ ನಡೆಯುತ್ತದೆ. ಜ್ವರವೂ ಉರಿಯೂ ಇಲ್ಲದಿದ್ದರೆ ಮೊದಲು ಸಕ್ಕರೆ, ಸೋಡಿಯಂ, ನೀರಿನ ಕೊರತೆ, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ ಇವನ್ನು ನೋಡಬೇಕು. ಅಮ್ಮ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೂತ್ರದಲ್ಲಿ ಸಕ್ಕರೆ ಮೂರು ಪ್ಲಸ್ ಬರುವುದು ಆ ಮಾತ್ರೆಯ ಕೆಲಸವೇ. ಅದರ ಜೊತೆ ತುರಿಕೆ ಬಂದರೆ ಹೆಚ್ಚಾಗಿ ಶಿಲೀಂಧ್ರ, ಅದಕ್ಕೆ ಮದ್ದೇ ಬೇರೆ.

ಲಕ್ಷಣವಿಲ್ಲದಿದ್ದರೂ ಔಷಧ ಕೊಡಲೇಬೇಕಾದ ಸಂದರ್ಭ ಮುಖ್ಯವಾಗಿ ಎರಡು: ಗರ್ಭಿಣಿಯರು, ಮತ್ತು ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕೊರೆಯುವಂಥ, ಕಲ್ಲು ತೆಗೆಯುವಂಥ, ಮೂತ್ರನಾಳದ ಒಳಪದರಕ್ಕೆ ಗಾಯವಾಗುವ ಶಸ್ತ್ರಚಿಕಿತ್ಸೆಗೆ ಮುಂಚೆ. ಮಂಡಿಚಿಪ್ಪು ಬದಲಾವಣೆಗೆ, ಕಣ್ಣಿನ ಪೊರೆಗೆ ಮುಂಚೆ ಮೂತ್ರದ ಕಲ್ಚರ್ ಬೇಕಿಲ್ಲ.

ನನಗೆ ಮೂರು ತಿಂಗಳು. ಏನೂ ತೊಂದರೆಯಿಲ್ಲ, ಆದರೆ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂದಿದೆ. ಬಸುರಿಯಲ್ಲಿ ಮಾತ್ರೆ ಬೇಡ, ಬಾರ್ಲಿ ನೀರು, ಬೊಂಡ (ಎಳನೀರು) ಸಾಕು ಎನ್ನುತ್ತಾರೆ ಮನೆಯಲ್ಲಿ. — ಮಂಜೇಶ್ವರ

ಮೇಲಿನ ಉತ್ತರ ನಿಮಗೆ ಅನ್ವಯಿಸುವುದಿಲ್ಲ. ನೀವು ಔಷಧ ತೆಗೆದುಕೊಳ್ಳಲೇಬೇಕು. ಬಸುರಿಯಲ್ಲಿ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ, ಮೂತ್ರ ನಿಂತು ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಹತ್ತುತ್ತದೆ. ಚಿಕಿತ್ಸೆ ಕೊಡದಿದ್ದರೆ ನೂರರಲ್ಲಿ 20ರಿಂದ 35 ಗರ್ಭಿಣಿಯರಿಗೆ ಮೂತ್ರಪಿಂಡದ ಸೋಂಕು ಬರುತ್ತದೆ; ಕೊಟ್ಟರೆ ಅದು ನಾಲ್ಕರೊಳಗೆ ಇಳಿಯುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಇದಕ್ಕೆ ಅಂಟಿಕೊಂಡಿದೆ. ಬೊಂಡ ಕುಡಿಯಿರಿ, ಒಳ್ಳೆಯದೇ. ಅದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ.

ಕ್ಲೆಬ್ಸಿಯೆಲ್ಲಾ ಬರೀ ಅಮಾಕ್ಸಿಸಿಲಿನ್‌ಗೆ ಹುಟ್ಟಿನಿಂದಲೇ ಬಗ್ಗದು. ವರದಿಯಲ್ಲಿ ‘ಸೆನ್ಸಿಟಿವ್’ (ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುತ್ತದೆ) ಎಂದಿರುವ ಸೆಫಲೆಕ್ಸಿನ್‌ನಂಥದ್ದನ್ನು ವೈದ್ಯರು ನಾಲ್ಕರಿಂದ ಏಳು ದಿನಕ್ಕೆ ಬರೆಯುತ್ತಾರೆ. ಸಿಪ್ರೊಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್ ಬಸುರಿಯಲ್ಲಿ ಬೇಡ. ಕೋಟ್ರೈಮಾಕ್ಸಜೋಲ್ ಫೋಲಿಕ್ ಆಮ್ಲಕ್ಕೆ ಅಡ್ಡಬರುವುದರಿಂದ ಮೊದಲ ಮೂರು ತಿಂಗಳು ಬೇಡ. ನೈಟ್ರೊಫ್ಯುರಾಂಟಾಯಿನ್ ಹೆರಿಗೆಯ ದಿನ ಹತ್ತಿರವಾದಾಗ ಬೇಡ. ಔಷಧ ಮುಗಿದು ಒಂದೆರಡು ವಾರಕ್ಕೆ ಮತ್ತೆ ಕಲ್ಚರ್ ಮಾಡಿಸಿ. ಬಸುರಿಯಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಯಾವಾಗ ಬಂದರೂ ಆ ವರದಿಯನ್ನು ಜೋಪಾನವಾಗಿಡಿ. ಹೆರಿಗೆ ನೋವು ಶುರುವಾದಾಗ ಮಗುವಿನ ರಕ್ಷಣೆಗೆ ಪೆನಿಸಿಲಿನ್ ಕೊಡಬೇಕಾಗುತ್ತದೆ.

ನನಗೆ 54. ಮಳೆಗಾಲದಲ್ಲಿ ಉರಿಮೂತ್ರ, ಚಳಿಜ್ವರ ಬಂತು. ಕುಳಿತಾಗ ಕೆಳಗೆ ನೋವು, ಮೂತ್ರ ಸಣ್ಣ ಧಾರೆ. ಹೆಂಡತಿಗೆ ಹಿಂದೆ ಕೊಟ್ಟಿದ್ದ ನೈಟ್ರೊಫ್ಯುರಾಂಟಾಯಿನ್ ಐದು ದಿನ ತಿಂದೆ. ಉರಿ ಇಳಿಯಿತು, ಜ್ವರ ಮತ್ತೆ ಬಂತು. ಸಕ್ಕರೆ ಇದೆ. — ಪೆರ್ಲ

ಈ ಉತ್ತರ ಓದುವ ಹೊತ್ತಿಗೂ ಜ್ವರ ಬಿಟ್ಟಿರದಿದ್ದರೆ ಇಂದೇ ವೈದ್ಯರನ್ನು ನೋಡಿ. ಹೆಂಗಸರ ಮೂತ್ರದ್ವಾರದ ನಾಳ ಸುಮಾರು 4 ಸೆಂಟಿಮೀಟರ್, ಗಂಡಸರದ್ದು 18ರಿಂದ 20. ಇಷ್ಟು ದೂರ ಹತ್ತಿ ಬಂದ ಸೋಂಕಿನ ಹಿಂದೆ ಪ್ರಾಸ್ಟೇಟ್ ಊತ, ಕಲ್ಲು, ನಾಳ ಕಿರಿದಾಗಿರುವುದು ಹೀಗೆ ಏನಾದರೊಂದು ಇದೆಯೇ ಎಂದು ಹುಡುಕಲೇಬೇಕು. ನೀವು ಬರೆದ ಲಕ್ಷಣಗಳು ಪ್ರಾಸ್ಟೇಟ್ ಗ್ರಂಥಿಯ ಸೋಂಕಿನತ್ತ ಬೆರಳು ತೋರುತ್ತವೆ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಪ್ರಾಸ್ಟೇಟ್‌ನ ಒಳಕ್ಕೂ ಮೂತ್ರಪಿಂಡದ ಅಂಗಾಂಶಕ್ಕೂ ಸಾಕಷ್ಟು ಇಳಿಯುವುದಿಲ್ಲ. ಮೂತ್ರಕೋಶದ ಉರಿ ಇಳಿದು ಜ್ವರ ಉಳಿದದ್ದು ಅದಕ್ಕೇ. ಪ್ರಾಸ್ಟೇಟ್‌ಗೆ ಇಳಿಯುವವು ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಜಾತಿಯವು. ಕಲ್ಚರ್ ನೋಡಿ ಆರಿಸಿ ಎರಡರಿಂದ ನಾಲ್ಕು ವಾರ ಕೊಡಬೇಕು. ಜ್ವರವಿಲ್ಲದ ಬರೀ ಉರಿಯಾದರೆ ಗಂಡಸರಿಗೆ ಏಳು ದಿನ ಸಾಕಾಗುತ್ತದೆ.

ಮೂತ್ರದ ಕಲ್ಚರ್ ಜೊತೆಗೆ ರಕ್ತದ ಕಲ್ಚರ್, ಮೂತ್ರ ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂದು ನೋಡುವ ಸ್ಕ್ಯಾನ್ ಬೇಕು. ಗುದದ್ವಾರದ ಮೂಲಕ ಪ್ರಾಸ್ಟೇಟ್ ಮುಟ್ಟಿ ನೋಡುವುದು ಅಗತ್ಯ, ಆದರೆ ಮೆಲ್ಲಗೆ. ಈ ಹಂತದಲ್ಲಿ ಒತ್ತಿ ತಿಕ್ಕಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಬಹುದು. ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತಪರೀಕ್ಷೆ) ಈಗ ಮಾಡಿಸಬೇಡಿ. ಸೋಂಕಿನಲ್ಲಿ ಅದು ತಾನೇ ಏರಿ ಕ್ಯಾನ್ಸರ್ ಭಯ ಹುಟ್ಟಿಸುತ್ತದೆ.

ಇನ್ನೊಂದನ್ನು ನೀವಾಗಿ ವೈದ್ಯರಿಗೆ ಹೇಳಿ: ಸಕ್ಕರೆ ಇದೆ, ಮಳೆಗಾಲದಲ್ಲಿ ತೋಟದ, ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ್ದೇನೆ ಎಂದು, ಹಾಗೆ ಮಾಡಿದ್ದರೆ. ಮಣ್ಣು ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಕರಾವಳಿ ಕರ್ನಾಟಕದಲ್ಲೂ ಕೇರಳದಲ್ಲೂ ಇದೆ, ಸಕ್ಕರೆ ಇರುವ ಗಂಡಸರ ಪ್ರಾಸ್ಟೇಟ್‌ನಲ್ಲಿ ಕೀವು ಕಟ್ಟಿಸುತ್ತದೆ. ಪ್ರಯೋಗಾಲಯ ಅದನ್ನು ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಗುರುತಿಸುವುದುಂಟು. ಅದಕ್ಕೆ ಮೊದಲು ವಾರಗಟ್ಟಲೆ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ಬೇಕು.

ಕಲ್ಚರ್ ಎರಡು ಸಲವೂ ‘ಮಿಶ್ರ ಬೆಳವಣಿಗೆ, ಮತ್ತೆ ಕಳುಹಿಸಿ’ ಎಂದು ಬಂತು. ಮನೆಯಲ್ಲಿ ಹಿಡಿದು ಬಸ್ಸಿನಲ್ಲಿ ಕಾಸರಗೋಡಿಗೆ ಒಯ್ಯುತ್ತೇವೆ. ತಪ್ಪು ಎಲ್ಲಿ? — ಮುಳ್ಳೇರಿಯ

ಹಿಡಿಯುವುದರಲ್ಲಿ ಒಂದು, ಒಯ್ಯುವುದರಲ್ಲಿ ಒಂದು. ಇ. ಕೋಲಿ ಅನುಕೂಲವಾದ ಬಿಸಿಯಲ್ಲಿ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಚರ್ಮದಿಂದ ಬಿದ್ದ ಒಂದು ಸಾವಿರ ಎರಡೂವರೆ ಗಂಟೆಯಲ್ಲಿ ಲಕ್ಷ ದಾಟಬಹುದು. ಒಂದು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಮಂಜುಗಡ್ಡೆಯ ಡಬ್ಬದಲ್ಲಿ ಒಯ್ಯಿರಿ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ 24 ಗಂಟೆ ಇಡಬಹುದು, ಫ್ರೀಜರಿನಲ್ಲಿ ಬೇಡ. ಬೋರಿಕ್ ಆಮ್ಲ ಹಾಕಿದ ಕೊಳವೆ ಪ್ರಯೋಗಾಲಯದಲ್ಲಿದ್ದರೆ ಕೇಳಿ ಪಡೆಯಿರಿ, ಗೆರೆಯವರೆಗೆ ತುಂಬಿಸಿ. ಎಲ್ಲಕ್ಕಿಂತ ಒಳ್ಳೆಯದು ಅಲ್ಲಿಗೇ ಹೋಗಿ ಹಿಡಿಯುವುದು.

ಮೂತ್ರ ಮೂತ್ರಕೋಶದಲ್ಲಿ ಮೂರು ನಾಲ್ಕು ಗಂಟೆ ನಿಂತಿರಲಿ, ಬೆಳಗಿನ ಮೊದಲನೆಯದು ಉತ್ತಮ. ಕೈ ತೊಳೆಯಿರಿ. ಹೆಂಗಸರು ಯೋನಿಯ ತುಟಿಗಳನ್ನು ಎರಡು ಬೆರಳಲ್ಲಿ ಅಗಲಿಸಿ, ಮುಂದಿನಿಂದ ಹಿಂದಕ್ಕೆ ಬರೀ ನೀರಿನಲ್ಲಿ ತೊಳೆದು, ಮುಗಿಯುವವರೆಗೂ ಬೆರಳು ಬಿಡಬಾರದು. ಗಂಡಸರು ಮುಂದೊಗಲನ್ನು ಹಿಂದೆ ಸರಿಸಿ ತೊಳೆಯಬೇಕು. ಡೆಟಾಲ್ ಬೇಡ; ಅದರ ಹನಿ ಬಿದ್ದರೆ ಇರುವ ಬ್ಯಾಕ್ಟೀರಿಯಾವೂ ಸತ್ತು ವರದಿ ಸುಳ್ಳಾಗುತ್ತದೆ. ಮೊದಲ ಧಾರೆಯನ್ನು ಬಿಟ್ಟು, ಧಾರೆ ನಿಲ್ಲಿಸದೆ, ನಡುವಿನ 20–30 ಮಿಲಿಯನ್ನು ಪ್ರಯೋಗಾಲಯದವರು ಕೊಟ್ಟ ಕ್ರಿಮಿರಹಿತ ಡಬ್ಬಿಯಲ್ಲಿ ಹಿಡಿಯಿರಿ. ಮುಚ್ಚಳದ ಒಳಮೈ ಮುಟ್ಟಬಾರದು. ಮುಟ್ಟಿನ ದಿನಗಳಲ್ಲಿ, ತುರ್ತಿಲ್ಲದಿದ್ದರೆ, ಮುಂದೂಡಿ. ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವುದಕ್ಕೆ ಮುಂಚೆ ಹಿಡಿಯಬೇಕು. ವರದಿಯಲ್ಲಿ ‘ಎಪಿಥೀಲಿಯಲ್’ ಕೋಶಗಳು ಬಹಳ ಎಂದಿದ್ದರೆ ಚರ್ಮದ್ದು ಸೇರಿದೆ ಎಂದು ತಿಳಿಯಿರಿ.

ಬೀಡಿ ಕಟ್ಟುತ್ತೇನೆ, 34 ವರ್ಷ. ಈ ವರ್ಷ ಮೂರು ಸಲ ಉರಿಮೂತ್ರ. ಮೆಡಿಕಲ್‌ನಿಂದ ಮಾತ್ರೆ ತಂದು ಗುಣವಾಗುತ್ತದೆ, ಮತ್ತೆ ಬರುತ್ತದೆ. — ಕುಂಬಳೆ

ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಬಂದರೆ ಮರುಕಳಿಸುವ ಸೋಂಕು. ಪ್ರತಿ ಸಲವೂ ಕಲ್ಚರ್ ಮಾಡಿಸಿ ವರದಿಗಳನ್ನು ಒಟ್ಟಿಗಿಡಿ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ನಿಮ್ಮಂತೆ ಪದೇಪದೇ ಸೋಂಕಾಗುತ್ತಿದ್ದ ಹೆಂಗಸರು ಇನ್ನೂ ಒಂದೂವರೆ ಲೀಟರ್ ನೀರು ಸೇರಿಸಿದಾಗ ಸೋಂಕು ಅರ್ಧದಷ್ಟಾಯಿತೆಂದು 2018ರ ಅಧ್ಯಯನ ತೋರಿಸಿದೆ. ಕಟ್ಟು ಮುಗಿಯಲಿ ಎಂದು ಮೂತ್ರ ಕಟ್ಟಿಕೊಂಡು ಕೂರಬೇಡಿ. ಸಂಭೋಗದ ಮರುದಿನವೇ ಬರುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ, ಅದಕ್ಕೆ ಒಂದೇ ಡೋಸಿನ ಮುನ್ನೆಚ್ಚರಿಕೆ ಇದೆ. ಸರಳ ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟಾಯಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ ಐದು ದಿನ, ಇಲ್ಲವೇ ಫಾಸ್ಫೊಮೈಸಿನ್ 3 ಗ್ರಾಂ ಒಂದೇ ಸಲ ಸಾಕಾಗುತ್ತದೆ. ಚೀಟಿ ಇಲ್ಲದೆ ತರಬೇಡಿ. ಗುಣವಾದ ಮೇಲೆ ‘ಹೋಯಿತೇ’ ಎಂದು ನೋಡಲು ಕಲ್ಚರ್ ಬೇಡ. ಬದಿಯಡ್ಕದ ಓದುಗರ ಕಥೆ ಅಲ್ಲಿಂದಲೇ ಶುರುವಾಗುವುದು.

ಲಕ್ವ ಹೊಡೆದ ಅಪ್ಪನಿಗೆ ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ) ಹಾಕಿ ಎರಡು ತಿಂಗಳು. ಚೀಲದಲ್ಲಿ ಮೂತ್ರ ಮಬ್ಬು. — ಉಪ್ಪಳ

ಕ್ಯಾತಿಟರ್ ಇರುವ ಪ್ರತಿ ದಿನಕ್ಕೆ ನೂರರಲ್ಲಿ ಮೂರರಿಂದ ಐದು ಮಂದಿಗೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳು ಕಳೆದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಮಬ್ಬು ಕಂಡು ಕಲ್ಚರ್ ಬೇಡ. ಕ್ಯಾತಿಟರ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ವೈದ್ಯರನ್ನು ಕೇಳಿ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಕೊಳವೆ ಮಡಚದಿರಲಿ. ಚಳಿಜ್ವರ ಬಂದರೆ ಮೊದಲು ಹಳೆಯ ಕ್ಯಾತಿಟರ್ ತೆಗೆಸಿ ಹೊಸದು ಹಾಕಿಸಿ, ಮಾದರಿಯನ್ನು ಹೊಸ ಕೊಳವೆಯಿಂದಲೇ ತೆಗೆಯಲು ಹೇಳಿ, ಚೀಲದಿಂದಲ್ಲ.